ರೇಟಿಂಗ್ ಬಿತ್ತು, ನಿದ್ದೆ ಹೋಯ್ತು: ತಪ್ಪು ನಂದಾ, ಕಂಪನೀದಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 31 ವರ್ಷ, ಊರು ಅರಸೀಕೆರೆ ಕಡೆ. ಬೆಂಗಳೂರಲ್ಲಿ ಒಂದು ದೊಡ್ಡ ಐಟಿ ಕಂಪನೀಲಿ 7 ವರ್ಷ 4 ತಿಂಗಳಿಂದ ಕೆಲಸ ಮಾಡ್ತಿದೀನಿ, ಈಗ ಟೆಕ್ ಲೀಡ್. ಮೊದಲ ಐದು ವರ್ಷ ತುಂಬಾ ಚೆನ್ನಾಗಿತ್ತು, ಎರಡು ಸಲ ಅವಾರ್ಡ್ ಬಂತು. ಹೆರಿಗೆ ರಜೆ ಮುಗಿಸಿ ವಾಪಸ್ ಬರೋ ಹೊತ್ತಿಗೆ ಹೊಸ ಡೆಲಿವರಿ ಮ್ಯಾನೇಜರ್ ಬಂದಿದ್ರು. ಅವತ್ತಿಂದ ಶುರು. ರಾತ್ರಿ ಹತ್ತೂವರೆಗೆ ಕಾಲ್ ಮಾಡ್ತಾರೆ, ಹದಿನೆಂಟು ಜನ ಇರೋ ಕಾಲ್‌ನಲ್ಲಿ ಕೂಗಾಡ್ತಾರೆ. "ನಿಮಗೆ ಚಿಕ್ಕ ಮಗು ಇದೆ ಅಲ್ವಾ, ಅದಕ್ಕೇ ಮುಖ್ಯವಾದ ಮಾಡ್ಯೂಲ್ ಬೇರೆಯವರಿಗೆ ಕೊಟ್ಟೆ" ಅಂತ ಎಲ್ಲರ ಮುಂದೆ ಹೇಳಿದ್ರು. ದಿನಕ್ಕೆ 12 ಗಂಟೆ ಕೆಲಸ ಮಾಡಿದ್ರೂ ಟೈಮ್‌ಶೀಟ್‌ನಲ್ಲಿ 9 ಗಂಟೆ ಮೇಲೆ ಹಾಕೋ ಹಾಗಿಲ್ಲ. ಟೀಮ್ ಹುಡುಗರು ಬಗ್ (ಕೋಡಲ್ಲಿ ತಪ್ಪು) ಸಿಕ್ಕಿದ್ರೂ ಶುಕ್ರವಾರದ ರಿವ್ಯೂ ಮುಗಿಯೋವರೆಗೂ ಸಿಸ್ಟಮ್ಮಲ್ಲಿ ಹಾಕಲ್ಲ, ಭಯ. ಕಂಪನಿಯ ಅನಾಮಧೇಯ ಸರ್ವೇನಲ್ಲಿ ಇದನ್ನೆಲ್ಲ ಬರೆದೆ, ಮುಂದಿನ ತಿಂಗಳ ಮೀಟಿಂಗಲ್ಲಿ ಅವರು ನನ್ನ ಕಡೆ ನೋಡ್ಕೊಂಡೇ "ಕೆಲವರಿಗೆ ಮನೆ ಕಷ್ಟಾನೂ ಕಂಪನಿ ಮೇಲೆ ಹಾಕೋ ಅಭ್ಯಾಸ" ಅಂದ್ರು. ಈ ಸಲ ರೇಟಿಂಗ್ ಕೆಳಗಿಂದ ಎರಡನೇದು. ಮುಂದಿನ ತಿಂಗಳು ಪಿಐಪಿಗೆ, ಅಂದ್ರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸ್ಕೊಳ್ಳಿ ಇಲ್ಲಾಂದ್ರೆ ಹೊರಡಿ ಅನ್ನೋ ಗಡುವಿಗೆ, ಹಾಕಬಹುದು ಅಂತ ಮಾತಿದೆ. ಎಚ್‌ಆರ್‌ಗೆ ಬಾಯಲ್ಲಿ ಹೇಳಿದೆ, "ನೋಡೋಣ" ಅಂದ್ರು, ಅಷ್ಟೇ. ಗಂಡ "ಎಲ್ಲಾ ಕಡೆ ಹಿಂಗೇ, ಅಡ್ಜಸ್ಟ್ ಮಾಡ್ಕೋ" ಅಂತಾರೆ. ಅವರ ತಂಗಿ ಇದೇ ಕಂಪನೀಲಿ ಮೈಸೂರಲ್ಲಿ ಬೇರೆ ಪ್ರಾಜೆಕ್ಟಲ್ಲಿದಾಳೆ, ಅವಳು ಆರಾಮಾಗಿದಾಳೆ. ಹಾಗಾದ್ರೆ ಸಮಸ್ಯೆ ನನ್ನಲ್ಲೇ ಇದ್ಯಾ? ಮನೆ ಇಎಂಐ 34 ಸಾವಿರ ಇದೆ. ಭಾನುವಾರ ಸಂಜೆ ಆದ್ರೆ ಹೊಟ್ಟೆ ತೊಳಸತ್ತೆ. ರಿಸೈನ್ ಮಾಡಿಬಿಡ್ಲಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೊನೇಲಿ ಕೇಳಿರೋದು ರಿಸೈನ್ ಮಾಡ್ಲಾ ಅಂತ, ಆದ್ರೆ ನಿಮ್ಮನ್ನ ರಾತ್ರಿ ಎಬ್ಬಿಸ್ತಿರೋ ಪ್ರಶ್ನೆ ಅದಕ್ಕಿಂತ ಮುಂಚಿನ ಸಾಲಲ್ಲಿದೆ, ಒಂದೇ ಕಂಪನೀಲಿ ನಾದಿನಿ ನಗ್ತಾ ಇದಾಳೆ ನಾನು ಅಳ್ತಾ ಇದೀನಿ, ಹಾಗಾದ್ರೆ ನಾನೇ ಸರಿ ಇಲ್ವಾ ಅಂತ. ಅದನ್ನ ಮೊದಲು ತೆಗೀತೀನಿ, ಯಾಕಂದ್ರೆ ಅದು ತಲೇಲಿ ಇರೋವರೆಗೂ ಯಾವ ನಿರ್ಧಾರ ತಗೊಂಡ್ರೂ ಅದು ಸೋತ ಮನಸ್ಸಿನ ನಿರ್ಧಾರ ಆಗತ್ತೆ.

ನಾನು 19 ವರ್ಷ ಎಚ್‌ಆರ್‌ನಲ್ಲಿದ್ದೆ, ಅದರಲ್ಲಿ 11 ವರ್ಷ ಇಂಥದ್ದೇ ದೊಡ್ಡ ಕಂಪನೀಲಿ, ಅಂದ್ರೆ ನೀವು ಕೂತಿರೋ ಮೇಜಿನ ಆಚೆ ಬದಿ. ಅಲ್ಲಿ ಕಂಡಿದ್ದು ಏನಂದ್ರೆ ಲಕ್ಷಗಟ್ಟಲೆ ಜನ ಇರೋ ಕಂಪನಿಗೆ ಒಂದೇ ಕಲ್ಚರ್ ಅನ್ನೋದು ಇರೋದೇ ಇಲ್ಲ. ಗೋಡೆ ಮೇಲೆ ಬರೆದಿರೋ ಮೌಲ್ಯಗಳು ಎಲ್ಲಾ ಫ್ಲೋರಲ್ಲೂ ಒಂದೇ, ಟೌನ್‌ಹಾಲ್ ಅನ್ನೋ ಇಡೀ ಕಂಪನಿ ಮೀಟಿಂಗಲ್ಲಿ ಸಿಇಒ ಹೇಳೋದು ಎಲ್ಲರಿಗೂ ಒಂದೇ, ಆದ್ರೆ ಅದು ನಿಮ್ಮ ಹತ್ರ ಬರೋ ಅಷ್ಟರಲ್ಲಿ ಆರೇಳು ಮೆಟ್ಟಿಲು ಇಳಿದು ಬರಬೇಕು, ಕೊನೇ ಮೆಟ್ಟಿಲಲ್ಲಿ ನಿಮ್ಮ ಮ್ಯಾನೇಜರ್ ನಿಂತಿರ್ತಾರೆ, ನಿಮಗೆ ಸಿಗೋದು ಅವರ ಕೈಯಿಂದ ಸೋರಿ ಬಂದಿದ್ದಷ್ಟೇ. ಒಂದೇ ಬಿಲ್ಡಿಂಗಿನ ನಾಲ್ಕನೇ ಫ್ಲೋರಿಂದ ಜನ ಸಾಲಾಗಿ ರಾಜೀನಾಮೆ ಕೊಡ್ತಿದ್ದಾಗ ಐದನೇ ಫ್ಲೋರಲ್ಲಿ ಎಂಟು ವರ್ಷದಿಂದ ಒಂದೇ ಟೀಮಲ್ಲಿ ಇರೋರನ್ನ ನಾನು ನೋಡಿದೀನಿ. ನಾದಿನಿ ಹೇಳೋದೂ ನಿಜ, ನೀವು ಹೇಳೋದೂ ನಿಜ. ಐದು ವರ್ಷ ಚೆನ್ನಾಗಿ ಕೆಲಸ ಮಾಡಿ ಅವಾರ್ಡ್ ತಗೊಂಡವರು ಆರು ತಿಂಗಳ ರಜೆಯಲ್ಲಿ ಕೆಲಸ ಮರೆತುಬಿಡಲ್ಲ. ನಿಮ್ಮ ಕೆಲಸದಲ್ಲಿ ತಿದ್ದಿಕೊಳ್ಳೋದು ಏನೂ ಇಲ್ಲ ಅಂತ ನಾನು ಇಲ್ಲಿ ಕೂತು ಸರ್ಟಿಫಿಕೇಟ್ ಕೊಡಕ್ಕಾಗಲ್ಲ, ಅದು ಎಲ್ಲರಿಗೂ ಇರತ್ತೆ. ಆದ್ರೆ ಹದಿನೆಂಟು ಜನರ ಟೀಮು ಬಗ್ ಮುಚ್ಚಿಡ್ತಿದೆ ಅಂದ್ರೆ ಅದು ಒಬ್ಬರ ಸ್ವಭಾವದ ವಿಷಯ ಅಲ್ಲ.

ಈ ಬಗ್ ಮುಚ್ಚಿಡೋ ವಿಷಯ ನಿಮ್ಮ ಪತ್ರದಲ್ಲಿ ಒಂದು ಸಾಲು ಅಷ್ಟೇ ಇದೆ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣ್ತು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಅಂತ ಒಬ್ಬರು 90ರ ದಶಕದಲ್ಲಿ ಆಸ್ಪತ್ರೆ ಟೀಮುಗಳಲ್ಲಿ ಔಷಧಿ ಕೊಡೋದರಲ್ಲಿ ಆಗೋ ತಪ್ಪುಗಳನ್ನ ಎಣಿಸಕ್ಕೆ ಹೋದ್ರು, ಒಳ್ಳೇ ಟೀಮಲ್ಲಿ ತಪ್ಪು ಕಮ್ಮಿ ಇರತ್ತೆ ಅಂದ್ಕೊಂಡು. ನೋಡಿದ್ರೆ ಉಲ್ಟಾ, ಚೆನ್ನಾಗಿರೋ ಟೀಮುಗಳಲ್ಲೇ ಲೆಕ್ಕದಲ್ಲಿ ತಪ್ಪು ಜಾಸ್ತಿ. ಆಮೇಲೆ ಗೊತ್ತಾಯ್ತು, ಆ ಟೀಮುಗಳಲ್ಲಿ ನರ್ಸುಗಳು ತಪ್ಪಾಗಿದೆ ಅಂತ ಧೈರ್ಯವಾಗಿ ಹೇಳ್ತಿದ್ರು, ಬೇರೆ ಕಡೆ ಮುಚ್ಚಿಡ್ತಿದ್ರು. ಮುಂದೆ 2012ರಲ್ಲಿ ಗೂಗಲ್ ತನ್ನದೇ ಸುಮಾರು 180 ಟೀಮುಗಳನ್ನ ಅಧ್ಯಯನ ಮಾಡಕ್ಕೆ ಶುರು ಮಾಡ್ತು, ಅಲ್ಲೂ ಮೊದಲ ಸ್ಥಾನಕ್ಕೆ ಬಂದಿದ್ದು ಇದೇ, ಮಾತಾಡಿದ್ರೆ ಅವಮಾನ ಆಗಲ್ಲ ಅನ್ನೋ ನಂಬಿಕೆ ಟೀಮಲ್ಲಿ ಇದ್ಯಾ ಇಲ್ವಾ ಅನ್ನೋದು. ನಿಮ್ಮ ಮ್ಯಾನೇಜರ್ ಕೂಗಾಡಿ ಡ್ಯಾಶ್‌ಬೋರ್ಡಲ್ಲಿ ಬಗ್ ಕಮ್ಮಿ ಮಾಡಿಸಿದಾರೆ. ಆ ಬಗ್ ಎಲ್ಲೂ ಹೋಗಿಲ್ಲ, ಕ್ಲೈಂಟ್ ಹತ್ರ ಒಂದಿನ ಏಳತ್ತೆ, ಆವತ್ತು ಹೆಸರು ಬರೋದು ಟೆಕ್ ಲೀಡ್‌ದು, ಅಂದ್ರೆ ನಿಮ್ಮದು. ಇದನ್ನ ಮನಸ್ಸಲ್ಲಿಟ್ಕೊಳ್ಳಿ, ಕೆಳಗೆ ಬೇಕಾಗತ್ತೆ.

ಇನ್ನು ಆ ಮನುಷ್ಯ ಯಾಕೆ ಹಾಗೆ? ಅವರ ಪರ ವಕಾಲತ್ತು ಮಾಡ್ತಿಲ್ಲ, ಕಾರಣ ಗೊತ್ತಾದ್ರೆ ಎಲ್ಲಿ ತಳ್ಳಿದ್ರೆ ಅಲ್ಲಾಡತ್ತೆ ಅಂತ ಗೊತ್ತಾಗತ್ತೆ, ಅದಕ್ಕೆ ಹೇಳ್ತೀನಿ. ಹಿರಿಯಕ್ಕನ ಚಾಳಿ ಮನೆ ಮಂದಿಗೆಲ್ಲ ಅಂತ ನಮ್ಮಲ್ಲಿ ಹೇಳ್ತಾರಲ್ಲ, ದೊಡ್ಡ ಕಂಪನೀಲಿ ಚಾಳಿ ಇಳಿಯೋದು ಭಾಷಣದಿಂದ ಅಲ್ಲ, ಟಾರ್ಗೆಟ್‌ನಿಂದ. ಡೆಲಿವರಿ ಮ್ಯಾನೇಜರ್‌ನ ಅಳೆಯೋದು ಸಾಮಾನ್ಯವಾಗಿ ನಾಲ್ಕೈದು ನಂಬರಲ್ಲಿ: ಪ್ರಾಜೆಕ್ಟಿನ ಮಾರ್ಜಿನ್ (ಲಾಭ) ಎಷ್ಟು, ಟೀಮಲ್ಲಿ ಎಷ್ಟು ಜನ ಬಿಲ್ಲಿಂಗ್‌ನಲ್ಲಿದಾರೆ, ಅಂದ್ರೆ ಎಷ್ಟು ಜನರ ಕೆಲಸಕ್ಕೆ ಕ್ಲೈಂಟ್ ದುಡ್ಡು ಕೊಡ್ತಾರೆ, ಕ್ಲೈಂಟ್ ಸ್ಕೋರ್ ಎಷ್ಟು, ಎಸ್ಕಲೇಶನ್ (ಮೇಲಿನವರಿಗೆ ಹೋದ ದೂರು) ಎಷ್ಟು, ಎಷ್ಟು ಜನ ಬಿಟ್ಟು ಹೋದ್ರು. ಫಿಕ್ಸೆಡ್ ಬಿಡ್ ಪ್ರಾಜೆಕ್ಟ್, ಅಂದ್ರೆ ಮೊದಲೇ ಇಷ್ಟೇ ದುಡ್ಡು ಅಂತ ಒಪ್ಕೊಂಡಿರೋದು, ಆದ್ರೆ ನೀವು ಹಾಕೋ ಒಂದೊಂದು ಗಂಟೇನೂ ಅವರ ಖರ್ಚಲ್ಲಿ ಕೂರತ್ತೆ, ಅದಕ್ಕೇ 12 ಗಂಟೆ ಮಾಡಿ 9 ಅಂತ ಬರೀರಿ ಅನ್ನೋದು. ಸೇಲ್ಸ್ ಟೀಮು ಕಮ್ಮಿ ರೇಟಿಗೆ ಪ್ರಾಜೆಕ್ಟ್ ಗೆದ್ದು ಬಂದಿರತ್ತೆ, ಮೇಲಿನವರು ಮಾರ್ಜಿನ್ ಬಿಡಲ್ಲ, ಕ್ಲೈಂಟ್ ಡೇಟ್ ಬಿಡಲ್ಲ, ಮಧ್ಯದಲ್ಲಿ ಸಿಕ್ಕಿದ ಮ್ಯಾನೇಜರ್ ಕೈಯಲ್ಲಿ ಬಗ್ಗಿಸಬಹುದಾದ ವಸ್ತು ಉಳಿಯೋದು ಒಂದೇ, ನಿಮ್ಮ ಸಂಜೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಜೊತೆಗೆ ನಮ್ಮಲ್ಲಿ ಇನ್ನೊಂದು ಹಳೇ ರೋಗ ಇದೆ, ಚೆನ್ನಾಗಿ ಕೋಡ್ ಬರೆಯೋರನ್ನ ಹಿಡಿದು ಮ್ಯಾನೇಜರ್ ಮಾಡೋದು, ಜನರನ್ನ ನೋಡ್ಕೊಳ್ಳೋದು ಹೇಗೆ ಅಂತ ಎರಡು ದಿನದ ಟ್ರೇನಿಂಗ್ ಕೊಟ್ಟು ಕೂರಿಸೋದು. ಅವರಿಗೆ ತಾವು ಕಂಡ ಮ್ಯಾನೇಜರೇ ಪಾಠ, ಆ ಮ್ಯಾನೇಜರ್ ಕೂಗ್ತಿದ್ರೆ ಇವರೂ ಕೂಗ್ತಾರೆ.

ಈಗ ರೇಟಿಂಗ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನೀವು ಆ ರೇಟಿಂಗನ್ನ ನಿಮ್ಮ ಯೋಗ್ಯತೆಯ ಮಾರ್ಕ್ಸ್ ಕಾರ್ಡ್ ಅಂದ್ಕೊಂಡಿದೀರ.

ಎಲ್ಲರ ರೇಟಿಂಗ್ ಒಟ್ಟಿಗೆ ಕೂತು ಅಂತಿಮ ಮಾಡೋ ಕ್ಯಾಲಿಬ್ರೇಷನ್ ಮೀಟಿಂಗ್ ಅಂತ ಆಗತ್ತೆ, ನಾನು ಅಂಥ ಮೀಟಿಂಗಲ್ಲಿ ಎಷ್ಟೋ ಸಲ ಕೂತಿದೀನಿ. ಐದಾರು ಮ್ಯಾನೇಜರ್‌ಗಳು, ಒಬ್ಬರು ಯೂನಿಟ್ ಹೆಡ್, ಎಚ್‌ಆರ್ ಕಡೆಯಿಂದ ನಾನು, ಸ್ಕ್ರೀನಲ್ಲಿ ಒಂದು ಎಕ್ಸೆಲ್ ಶೀಟು. ನೂರಿಪ್ಪತ್ತು ಹೆಸರು ಇರತ್ತೆ, ಮೂರು ಗಂಟೆ ಟೈಮು. ಮೊದಲ ರೌಂಡಲ್ಲಿ ಎಲ್ಲಾ ಮ್ಯಾನೇಜರ್‌ಗಳೂ ತಮ್ಮವರಿಗೆ ಒಳ್ಳೇದೇ ಹಾಕ್ಕೊಂಡು ಬಂದಿರ್ತಾರೆ, ಆದ್ರೆ ಹೈಕ್‌ಗೆ ಅಂತ ಬಂದಿರೋ ದುಡ್ಡು ಇಷ್ಟೇ ಅಂತ ಫಿಕ್ಸ್ ಆಗಿರತ್ತೆ, ಮೇಲೆ ಇಷ್ಟು ಜನ ಮಧ್ಯ ಇಷ್ಟು ಕೆಳಗೆ ಇಷ್ಟು ಇರಲೇಬೇಕು ಅಂತ ಲೆಕ್ಕ ಇರತ್ತೆ. ಹಾಗಾಗಿ ಕೆಳಗೆ ಇಳಿಸಕ್ಕೆ ಹೆಸರು ಹುಡುಕಬೇಕು. ಒಬ್ಬೊಬ್ಬರ ಬಗ್ಗೆ ಒಂದೂವರೆ ನಿಮಿಷ ಮಾತು. ಯೂನಿಟ್ ಹೆಡ್‌ಗೆ ಮುಖ ಪರಿಚಯ ಇರೋರು ಉಳ್ಕೋತಾರೆ, ಬೇರೆ ಪ್ರಾಜೆಕ್ಟಿಗೆ ಹೋಗ್ತಿರೋರು ಇಳೀತಾರೆ, ಬಿಟ್ಟು ಹೋದ್ರೆ ಕಷ್ಟ ಅನ್ನೋರು ಉಳ್ಕೋತಾರೆ, ಎಲ್ಲೂ ಹೋಗಲ್ಲ ಲೋನ್ ಇದೆ ಮಗು ಇದೆ ಅನ್ನೋರು ಇಳೀತಾರೆ. "ಆಕೆ ಅರ್ಧ ವರ್ಷ ರಜೆಯಲ್ಲಿದ್ಲಲ್ಲ" ಅನ್ನೋ ಮಾತು ನನ್ನ ಕಿವಿಯಿಂದ ನಾನು ಕೇಳಿದೀನಿ, ಒಂದಲ್ಲ ಹತ್ತು ಸಲ. ಶುರುವಿನ ವರ್ಷಗಳಲ್ಲಿ ಸುಮ್ಮನೆ ಕೂತಿದ್ದೆ, ಅದು ಇವತ್ತಿಗೂ ನನ್ನನ್ನ ಚುಚ್ಚತ್ತೆ. ಆಮೇಲೆ ಮಾತಾಡಕ್ಕೆ ಶುರು ಮಾಡಿದೆ, ಕೆಲವು ಹೆಸರು ಉಳಿಸಕ್ಕಾಯ್ತು, ಎಲ್ಲಾ ಉಳಿಸಕ್ಕಾಗಲಿಲ್ಲ. ಇಷ್ಟು ಹೇಳಿದ್ದು ಯಾಕಂದ್ರೆ ಆ ರೂಮಲ್ಲಿ ಯಾರೂ ನಿಮ್ಮ ಕೋಡ್ ತೆಗೆದು ನೋಡಲ್ಲ. ಅಲ್ಲಿ ನಡೆಯೋದು ಚೌಕಾಸಿ. ನಿಮ್ಮ ಪರ ಮಾತಾಡಬೇಕಾದವರು ಮಾತಾಡಲಿಲ್ಲ ಅನ್ನೋದೇ ನಿಮ್ಮ ರೇಟಿಂಗಿನ ಅರ್ಥ.

ಈ ಪದ್ಧತಿ ಆಕಾಶದಿಂದ ಬಿದ್ದಿದ್ದಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಜ್ಯಾಕ್ ವೆಲ್ಚ್ 1981ರಿಂದ 2001ರವರೆಗೆ ಸಿಇಒ ಆಗಿದ್ದಾಗ ಮೇಲಿನ ಶೇಕಡಾ 20, ಮಧ್ಯದ 70, ಕೆಳಗಿನ 10 ಅಂತ ಜನರನ್ನ ಭಾಗ ಮಾಡೋದು ಹೆಸರುವಾಸಿ ಆಯ್ತು, ಪ್ರಪಂಚ ಎಲ್ಲಾ ಅದನ್ನ ನಕಲು ಮಾಡ್ತು. ಮೈಕ್ರೋಸಾಫ್ಟ್‌ನಲ್ಲೂ ವರ್ಷಗಟ್ಟಲೆ ಇತ್ತು, ಪಕ್ಕದ ಸೀಟಿನವರಿಗೆ ಸಹಾಯ ಮಾಡಿದ್ರೆ ನನ್ನ ರೇಟಿಂಗ್ ಬೀಳತ್ತೆ ಅನ್ನೋ ಮಟ್ಟಕ್ಕೆ ಹೋಗಿತ್ತು, ಕೊನೆಗೆ 2013ರ ನವೆಂಬರಲ್ಲಿ ಕೈಬಿಟ್ರು. ಅದಾಗಿ ಮೂರು ತಿಂಗಳಿಗೆ ಸಿಇಒ ಆಗಿ ಬಂದವರು ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ, ಅಲ್ಲಿನ ವಾತಾವರಣ ಬದಲಾಯ್ತು ಅಂತ ಎಲ್ರೂ ಹೇಳ್ತಾರೆ, ಒಪ್ತೀನಿ, ಆದ್ರೆ ಅಳೆಯೋ ಕೋಲು ಮೊದಲು ಬದಲಾಗಿತ್ತು ಅನ್ನೋದನ್ನ ಜನ ಮರೀತಾರೆ. ನಮ್ಮ ಇನ್ಫೋಸಿಸ್ ಕೂಡ 2015ರಲ್ಲಿ ಕಡ್ಡಾಯ ಬೆಲ್ ಕರ್ವ್, ಅಂದ್ರೆ ಹೀಗೆ ಭಾಗ ಮಾಡಲೇಬೇಕು ಅನ್ನೋ ಲೆಕ್ಕ, ಬಿಟ್ಟಿತು. ಹೆಸರಿಗೆ ಬಿಟ್ಟಿರೋ ಕಂಪನಿಗಳಲ್ಲೂ ಹೈಕ್ ದುಡ್ಡಿಗೆ ಮಿತಿ ಇರೋವರೆಗೂ ಚೌಕಾಸಿ ಯಾವುದೋ ರೂಪದಲ್ಲಿ ನಡೀತಾನೇ ಇರತ್ತೆ, ಅದು ನನ್ನ ಅನುಭವ. ಇನ್ನೊಂದು ಮಾತು, ವಾತಾವರಣ ಚೆನ್ನಾಗಿದೆ ಅಂದ್ರೆ ಕೆಲಸ ಭದ್ರ ಅಂತಲ್ಲ. ಅದೇ ಮೈಕ್ರೋಸಾಫ್ಟ್ 2014ರ ಜುಲೈನಲ್ಲಿ 18 ಸಾವಿರ ಜನರನ್ನ ತೆಗೀತೀವಿ ಅಂತ ಘೋಷಿಸ್ತು, 2023ರ ಜನವರಿಯಲ್ಲಿ ಇನ್ನೊಂದು 10 ಸಾವಿರ. ಕಂಪನಿ ನಮ್ಮ ಕುಟುಂಬ ಅಂತ ಯಾರಾದ್ರೂ ಹೇಳಿದ್ರೆ ಕೇಳಿಸ್ಕೊಳ್ಳಿ, ನಂಬ್ಕೊಂಡು ಲೋನ್ ಮಾಡಬೇಡಿ.

ಅನಾಮಧೇಯ ಸರ್ವೇ ಬಗ್ಗೆ ಬರೆದಿದ್ರಿ. ಮ್ಯಾನೇಜರ್‌ಗೆ ನಿಮ್ಮ ಹೆಸರು ಸಿಸ್ಟಮ್ಮಿಂದ ಸಿಕ್ಕಿರೋ ಸಾಧ್ಯತೆ ಕಮ್ಮಿ. ಸಾಮಾನ್ಯವಾಗಿ ಇಷ್ಟು ಜನಕ್ಕಿಂತ ಜಾಸ್ತಿ ಉತ್ತರ ಕೊಟ್ರೆ ಮಾತ್ರ ಆ ಟೀಮಿನ ರಿಪೋರ್ಟ್ ತೋರಿಸೋದು ಅಂತ ನಿಯಮ ಇರತ್ತೆ, ಐದು ಇರಬಹುದು ಹತ್ತು ಇರಬಹುದು. ಆದ್ರೆ ಅನಾಮಧೇಯ ಬೇರೆ, ಗೌಪ್ಯ ಬೇರೆ. ನಿಮ್ಮ ಹೆಸರಿಗೇ ಬಂದ ಲಿಂಕಲ್ಲಿ ನೀವು ಬರೆದ್ರೆ ಸರ್ವೇ ನಡೆಸೋರ ಹತ್ರ ಯಾರು ಏನು ಬರೆದ್ರು ಅನ್ನೋ ದಾಖಲೆ ಇರಬಹುದು, ಮ್ಯಾನೇಜರ್‌ಗೆ ತೋರಿಸಲ್ಲ ಅಷ್ಟೇ. ನೀವು ಸಿಕ್ಕಿಬಿದ್ದಿದ್ದು ಬಹುಶಃ ಕಾಮೆಂಟ್ ಬಾಕ್ಸಲ್ಲಿ, ಮಗು ಅಂತ ಬರೆದಿರ್ತೀರ, ಮಾಡ್ಯೂಲ್ ಅಂತ ಬರೆದಿರ್ತೀರ, ಹದಿನೆಂಟು ಜನರಲ್ಲಿ ಆ ಕಥೆ ಒಬ್ಬರದ್ದೇ. ಬರೆದಿದ್ದು ತಪ್ಪು ಅಂತ ನಾನು ಹೇಳಲ್ಲ, ನಿಜ ಬರೆದ್ರಿ. ಮುಂದೆ ಬರೆಯೋವಾಗ ಸ್ಕೋರಲ್ಲಿ ಖಡಾಖಂಡಿತವಾಗಿರಿ, ಕಾಮೆಂಟಲ್ಲಿ "ತಪ್ಪು ಹೇಳಿಕೊಂಡವರಿಗೆ ಎಲ್ಲರ ಮುಂದೆ ಬೈಗುಳ" ಅನ್ನೋ ಥರ ಇಡೀ ಟೀಮಿಗೆ ಹೊಂದೋ ಮಾತು ಬರೀರಿ.

ಎಚ್‌ಆರ್ ಬಗ್ಗೆ ಎರಡು ತಪ್ಪು ಕಲ್ಪನೆ ಓಡಾಡತ್ತೆ, ಒಂದು ಎಚ್‌ಆರ್ ನಮ್ಮ ಪರ ಅಂತ, ಇನ್ನೊಂದು ಎಚ್‌ಆರ್ ಬರೀ ಮೋಸ ಅಂತ. ಎಚ್‌ಆರ್ ಇರೋದು ಕಂಪನಿಗೆ ಬರಬಹುದಾದ ತೊಂದರೆ ತಪ್ಪಿಸಕ್ಕೆ, ನಾನೂ ಅದಕ್ಕೇ ಸಂಬಳ ತಗೊಂಡಿದ್ದು. ನೀವು ಕಾರಿಡಾರಲ್ಲಿ ಬಾಯಲ್ಲಿ ಹೇಳಿದ್ದು ನಿಮ್ಮ ಕಷ್ಟ, ಅದು ಅವರ ಫೈಲಲ್ಲಿ ಕೂರಲ್ಲ. ಅದೇ ವಿಷಯ ತಾರೀಖು ಹಾಕಿ ಮೇಲ್‌ನಲ್ಲಿ ಬಂದ್ರೆ ಅದು ಕಂಪನಿಯ ತೊಂದರೆ ಆಗತ್ತೆ, ಆಗ ಯಾರಾದ್ರೂ ಉತ್ತರ ಬರೀಲೇಬೇಕು. ನಿಮ್ಮ ಪತ್ರದಲ್ಲಿ ಇಂಥ ತೂಕದ ವಿಷಯ ಎರಡಿವೆ, ಮಗು ಇದೆ ಅಂತ ಕೆಲಸ ಕಿತ್ಕೊಂಡಿದ್ದು, ಟೈಮ್‌ಶೀಟ್ ಕಮ್ಮಿ ಹಾಕಿಸಿದ್ದು. ಕೂಗಾಟ ನಿಮಗೆ ಜಾಸ್ತಿ ನೋವು ಕೊಟ್ಟಿದೆ, ಗೊತ್ತು, ಆದ್ರೆ "ಕೂಗಿದ್ರು" ಅಂತ ಬರೆದ್ರೆ ಅವರು "ಡೆಡ್‌ಲೈನ್ ಒತ್ತಡ ಇತ್ತು" ಅಂತ ಒಂದು ಸಾಲಲ್ಲಿ ಮುಗಿಸ್ತಾರೆ. ಹೆರಿಗೆ ರಜೆ ಮುಗಿಸಿ ಬಂದ ಹೆಂಗಸಿನಿಂದ ಮಗು ಕಾರಣ ಕೊಟ್ಟು ಮಾಡ್ಯೂಲ್ ತೆಗೆದು, ಅದೇ ವರ್ಷ "ಕೆಲಸ ಸಾಲದು" ಅಂತ ರೇಟಿಂಗ್ ಇಳಿಸಿದ್ರು ಅನ್ನೋದನ್ನ ಮುಗಿಸಕ್ಕೆ ಅಷ್ಟು ಸುಲಭ ಅಲ್ಲ.

ಟೈಮ್‌ಶೀಟ್ ವಿಷಯ ಹಗುರ ಮಾಡ್ಕೋಬೇಡಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಲ್ಲಿ ಮೇಲಿಂದ ಬಂದ ಸೇಲ್ಸ್ ಟಾರ್ಗೆಟ್ ಮುಟ್ಟಕ್ಕೆ ಕೆಳಗಿನ ನೌಕರರು ಗ್ರಾಹಕರಿಗೆ ಗೊತ್ತಿಲ್ಲದೇ ಅವರ ಹೆಸರಲ್ಲಿ ಖಾತೆ ತೆರೆದ್ರು. 2016ರಲ್ಲಿ ಅದು ಹೊರಗೆ ಬಂದಾಗ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಆದ್ರೆ ಅದಕ್ಕೂ ಮುಂಚಿನ ಐದು ವರ್ಷದಲ್ಲಿ ಸುಮಾರು 5,300 ನೌಕರರು ಕೆಲಸ ಕಳ್ಕೊಂಡಿದ್ರು. ಒತ್ತಡ ಮೇಲಿಂದ ಬಂದಿತ್ತು, ತಪ್ಪು ದಾಖಲೆ ಹಾಕಿದ ಕೈ ಕೆಳಗಿನವರದ್ದು. ನಿಮ್ಮ ಟೈಮ್‌ಶೀಟ್ ಸಬ್ಮಿಟ್ ಆಗೋದು ನಿಮ್ಮ ಲಾಗಿನ್‌ನಿಂದ. ಹಾಗಾಗಿ ಮುಂದಿನ ವಾರದಿಂದ ಒಂದು ಸಣ್ಣ ಮೇಲ್ ಹಾಕಿ, ಜಗಳದ ಧಾಟಿ ಬೇಡ, "ಈ ವಾರ ಇಂತಿಂಥ ರಿಲೀಸ್ ಕೆಲಸಕ್ಕೆ 58 ಗಂಟೆ ಆಗಿದೆ, ಟೈಮ್‌ಶೀಟ್‌ನಲ್ಲಿ 45 ಹಾಕಬೇಕು ಅಂತ ಹೇಳಿದ್ರಿ, ಉಳಿದದ್ದನ್ನ ಹೇಗೆ ತೋರಿಸಬೇಕು ಅಂತ ದಯವಿಟ್ಟು ತಿಳಿಸಿ" ಅಂತ. ಉತ್ತರ ಬರಲ್ಲ ಬಹುಶಃ. ಬರದೇ ಇದ್ರೂ ಪರವಾಗಿಲ್ಲ.

ಇಲ್ಲೇ ಒಂದು ಎಚ್ಚರಿಕೆ, ತುಂಬಾ ಜನ ಇದರಲ್ಲೇ ಮುಗ್ಗರಿಸ್ತಾರೆ. ಸಾಕ್ಷಿ ಇಟ್ಕೋತೀನಿ ಅಂತ ಆಫೀಸ್ ಮೇಲ್, ಕ್ಲೈಂಟ್ ಡಾಕ್ಯುಮೆಂಟ್, ಕೋಡಿನ ಸ್ಕ್ರೀನ್‌ಶಾಟು ಇದನ್ನೆಲ್ಲ ನಿಮ್ಮ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಬೇಡಿ. ಕಂಪನಿ ಸಿಸ್ಟಮ್ ಅದನ್ನ ಹಿಡಿಯತ್ತೆ, ಆಮೇಲೆ ನಿಮ್ಮ ದೂರು ಪಕ್ಕಕ್ಕೆ ಹೋಗಿ ನಿಮ್ಮ ಮೇಲೇ ಡೇಟಾ ಹೊರಗೆ ಸಾಗಿಸಿದ್ರು ಅಂತ ಕೇಸ್ ಆಗತ್ತೆ. ಕದ್ದು ಕಾಲ್ ರೆಕಾರ್ಡ್ ಮಾಡೋದೂ ಬೇಡ. ಒಂದು ನೋಟ್‌ಬುಕ್ ತಗೊಳ್ಳಿ, ಪೆನ್ನಲ್ಲಿ ಬರೀರಿ, ತಾರೀಖು, ಟೈಮು, ಏನಂದ್ರು, ಯಾರ್ಯಾರಿದ್ರು. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್, ಪೇಸ್ಲಿಪ್, ಹಳೇ ಅಪ್ರೈಸಲ್ ಲೆಟರ್, ಅವಾರ್ಡ್ ಸರ್ಟಿಫಿಕೇಟ್ ಇವು ನಿಮ್ಮವೇ, ಇವನ್ನ ಈಗಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಒಂದ್ಸಲ ಲಾಗಿನ್ ಕಟ್ ಆದ್ರೆ ಆಮೇಲೆ ಅದಕ್ಕೇ ತಿಂಗಳುಗಟ್ಟಲೆ ಅಲೀಬೇಕು.

ಈಗ ದಾರಿಗಳು. ನಿಮ್ಮ ಜಾಗದಲ್ಲಿ ನಾನಿದ್ರೆ ಮೊದಲು ಹಿಡಿಯೋದು ಒಳಗಡೆ ಟ್ರಾನ್ಸ್‌ಫರ್, ಅದೂ ಈ ತಿಂಗಳೇ. ಕಾರಣ ಇದೆ, ಪಿಐಪಿ ಶುರುವಾದ್ಮೇಲೆ ಹೆಚ್ಚಿನ ಕಂಪನಿಗಳಲ್ಲಿ ಬೇರೆ ಪ್ರಾಜೆಕ್ಟಿಗೆ ಅರ್ಜಿ ಹಾಕಕ್ಕೇ ಬಿಡಲ್ಲ. ಇಂಟರ್ನಲ್ ಜಾಬ್ ಪೋರ್ಟಲ್ ನೋಡೋದು ಒಂದು ಕಡೆ, ಆದ್ರೆ ನಿಜವಾಗ್ಲೂ ಕೆಲಸ ಆಗೋದು ಹಳೇ ಮ್ಯಾನೇಜರ್‌ಗಳಿಂದ, ನಿಮಗೆ ಅವಾರ್ಡ್ ಕೊಡಿಸಿದವರು ಈಗ ಎಲ್ಲಿದಾರೆ ಹುಡುಕಿ. ರಿಸ್ಕ್ ಇಲ್ದೇ ಇಲ್ಲ, ಈಗಿನ ಮ್ಯಾನೇಜರ್ ರಿಲೀಸ್ ಮಾಡಲ್ಲ ಅಂತ ಎಳೆದಾಡಬಹುದು, ಆ ಕೆಟ್ಟ ರೇಟಿಂಗ್ ಹೊಸ ಟೀಮಿಗೂ ಕಾಣತ್ತೆ. ಆದ್ರೆ ನಿಮ್ಮನ್ನ ಇಳಿಸಕ್ಕೆ ನೋಡ್ತಿರೋ ಮ್ಯಾನೇಜರ್‌ಗೆ ನೀವಾಗೇ ಹೋಗೋದು ಅನುಕೂಲಾನೇ, ಅದನ್ನ ಬಳಸ್ಕೊಳ್ಳಿ.

ಎರಡನೇದು ಮ್ಯಾನೇಜರ್‌ನ ಮ್ಯಾನೇಜರ್ ಹತ್ರ ಹೋಗೋದು. ಅಲ್ಲಿ ನೋವು ಹೇಳ್ಕೊಂಡು ಪ್ರಯೋಜನ ಕಮ್ಮಿ. ಮೇಲೆ ಹೇಳಿದ್ನಲ್ಲ ಬಗ್ ವಿಷಯ, ಅದು ಇಲ್ಲಿ ಬೇಕಾಗೋದು. "ರಿವ್ಯೂ ಮುಂಚೆ ಡಿಫೆಕ್ಟ್‌ಗಳು ಲಾಗ್ ಆಗ್ತಿಲ್ಲ, ಇದು ಕ್ಲೈಂಟ್ ಕಡೆ ಹೋದ್ರೆ ಕಷ್ಟ, ಟೀಮ್ ಹೇಳಕ್ಕೆ ಹೆದರ್ತಿದೆ" ಅಂದ್ರೆ ಅವರಿಗೆ ತಮ್ಮದೇ ನಂಬರ್ ಕಾಣತ್ತೆ, ಕಿವಿ ನಿಮಿರತ್ತೆ. ನೀವು ಹೋಗಿದ್ದು ನಿಮ್ಮ ಮ್ಯಾನೇಜರ್‌ಗೆ ಗೊತ್ತಾಗೇ ಆಗತ್ತೆ, ಗೊತ್ತಾಗಲ್ಲ ಅಂತ ಅಂದ್ಕೊಂಡು ಹೋಗಬೇಡಿ. ಇಬ್ಬರೂ ಹತ್ತು ವರ್ಷದಿಂದ ಜೊತೆಗಿರೋರು ಅಂತಾದ್ರೆ ಈ ದಾರಿ ಬಿಟ್ಟು ನೇರ ಎಚ್‌ಆರ್‌ಗೆ ಬರವಣಿಗೆಯಲ್ಲಿ ಹೋಗಿ.

ಕಾನೂನಿನ ಮಾತು ಬಂದಾಗ ಹೆಂಗಸರಿಗೆ ಎಲ್ರೂ ಮೊದಲು ಹೇಳೋದು 2013ರ ಪಾಶ್ ಕಾಯ್ದೆ. ಅದು ಲೈಂಗಿಕ ಕಿರುಕುಳಕ್ಕೆ ಇರೋದು. ಬರೀ ಕೂಗಾಟ, ಕೆಲಸ ಕಿತ್ಕೊಳ್ಳೋದು ಅದರೊಳಗೆ ಬರಲ್ಲ. ಆದ್ರೆ ಅವರ ಮಾತಲ್ಲಿ, ಮೆಸೇಜಲ್ಲಿ ಆ ಥರದ್ದೂ ಏನಾದ್ರೂ ಇದ್ದು ನೀವು ನನಗೆ ಬರೆಯಕ್ಕೆ ಹಿಂಜರಿದಿದ್ರೆ, ಆಂತರಿಕ ಸಮಿತಿಗೆ ಮೂರು ತಿಂಗಳ ಒಳಗೆ ದೂರು ಕೊಡಬೇಕು ಅನ್ನೋದು ನೆನಪಿರಲಿ. ಉಳಿದದ್ದಕ್ಕೆ ಕುಂದುಕೊರತೆ ಸಮಿತಿ ಇದೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶ ಕಾಯ್ದೆಯಿಂದ (ನೌಕರಿಯ ನಿಯಮಗಳನ್ನ ಬರವಣಿಗೆಯಲ್ಲಿ ಇಡಬೇಕು ಅನ್ನೋ ಕಾನೂನು) ವಿನಾಯಿತಿ ಕೊಡ್ತಾ ಬಂದಿದ್ದು, 2024ರಲ್ಲೂ ಇನ್ನೈದು ವರ್ಷಕ್ಕೆ ಅಂತ ಮುಂದುವರಿಸಿದ್ದು, ಸುಮ್ಮನೆ ಅಲ್ಲ, ನೌಕರರೂ ಸಮಸಮ ಇರೋ ಕುಂದುಕೊರತೆ ಸಮಿತಿ ಇಡಬೇಕು, ಸಸ್ಪೆಂಡ್ ವಜಾ ಇಂಥದ್ದನ್ನ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನೋ ಷರತ್ತಿನ ಮೇಲೆ. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಕಡೆ ಈ ಸಮಿತಿ ಇರಬೇಕು. ಐಟಿಯವರಿಗೆ ಕಾರ್ಮಿಕ ಕಾನೂನು ಅನ್ವಯಿಸೋದೇ ಇಲ್ಲ ಅನ್ನೋದು ಸುಳ್ಳು. ನಿಮ್ಮ ಡೆಸಿಗ್ನೇಷನ್‌ನಲ್ಲಿ ಲೀಡ್ ಅಂತಿದೆಯಾ ಅನ್ನೋದಕ್ಕಿಂತ ನೀವು ದಿನಾ ಮಾಡೋದು ಟೆಕ್ನಿಕಲ್ ಕೆಲಸಾನಾ, ಅಥವಾ ರಜೆ ಕೊಡೋದು ರೇಟಿಂಗ್ ಕೊಡೋದು ಥರ ಮ್ಯಾನೇಜರ್ ಕೆಲಸಾನಾ ಅನ್ನೋದನ್ನ ನೋಡ್ತಾರೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಇಲಾಖೆ ಇದೆ, 2017ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಕಿಟು ಇದೆ, ಬಲವಂತದ ರಾಜೀನಾಮೆ ಕೇಸುಗಳನ್ನ ಅವರು ಇಲಾಖೆ ಮುಂದೆ ತಗೊಂಡು ಹೋಗಿದಾರೆ. ಈ ದಾರಿ ನಿಧಾನ, ತಿಂಗಳುಗಳು ಹಿಡಿಯತ್ತೆ, ಮನಸ್ಸು ದಣಿಯತ್ತೆ, ಸಂಬಂಧ ಹಳಸತ್ತೆ. ಆ ಕಂಪನೀಲೇ ಇನ್ನೂ ಹತ್ತು ವರ್ಷ ಇರ್ತೀನಿ ಅನ್ನೋ ಆಸೆ ಇದ್ರೆ ಇದು ಕೊನೇ ಮೆಟ್ಟಿಲಾಗಿರಲಿ.

ಒಂದು ವೇಳೆ ನಿಮ್ಮನ್ನ ರೂಮಿಗೆ ಕರೆದು, ಇಬ್ಬರು ಮೂವರು ಎದುರು ಕೂತು, "ಈಗಲೇ ರಿಸೈನ್ ಮಾಡಿ, ಇಲ್ಲಾಂದ್ರೆ ಟರ್ಮಿನೇಟ್ ಮಾಡ್ತೀವಿ, ರಿಲೀವಿಂಗ್ ಲೆಟರ್ ಹಾಳಾಗತ್ತೆ" ಅಂದ್ರೆ, ಆ ರೂಮಲ್ಲಿ ಏನೂ ಟೈಪ್ ಮಾಡಬೇಡಿ, ಸಹಿ ಹಾಕಬೇಡಿ. ಯಾಕೆ ಅವರಿಗೆ ರಾಜೀನಾಮೆನೇ ಬೇಕು ಅಂದ್ರೆ, ಕಂಪನೀನೇ ತೆಗೆದ್ರೆ ಅದು ಕಾನೂನಿನಲ್ಲಿ ರಿಟ್ರೆಂಚ್‌ಮೆಂಟ್ (ಕೆಲಸದಿಂದ ಕಡಿತ) ಅಂತ ಆಗಿ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಸರ್ವೀಸಿನ ಒಂದೊಂದು ವರ್ಷಕ್ಕೂ 15 ದಿನದ ಸರಾಸರಿ ಸಂಬಳ ಕೊಡಬೇಕಾಗಿ ಬರಬಹುದು, ನೀವೇ ಬರೆದುಕೊಟ್ರೆ ಅದು ನಿಮ್ಮ ಇಚ್ಛೆ ಅಂತ ಕಾಗದ ಹೇಳತ್ತೆ. "ನನಗೆ ಎರಡು ದಿನ ಟೈಮ್ ಬೇಕು, ನೀವು ಹೇಳಿದ್ದನ್ನ ಮೇಲ್ ಮಾಡಿ" ಅನ್ನಿ, ಎದ್ದು ಬನ್ನಿ. ಧ್ವನಿ ನಡುಗಿದ್ರೂ ಪರವಾಗಿಲ್ಲ, ಇಷ್ಟೇ ಹೇಳಿ.

ಪಿಐಪಿ ಬಂದ್ರೆ ಅದು ಸಾವಿನ ಓಲೆ ಅಂತ ಎಲ್ರೂ ಅಂತಾರೆ. ಅದರಿಂದ ಹೊರಗೆ ಬಂದವರನ್ನೂ ನೋಡಿದೀನಿ, ಆದ್ರೆ ಬರಿ ಹೆಸರಿಗೆ ಮಾಡೋ ಪಿಐಪಿ ಜಾಸ್ತಿ, ಅದನ್ನೂ ಮುಚ್ಚಿಡಲ್ಲ. ಗುರುತಿಸೋದು ಹೀಗೆ: ಗುರಿಗಳನ್ನ ಅಳೆಯಕ್ಕಾಗೋ ಥರ ಬರೆದಿದ್ರೆ, ವಾರವಾರ ರಿವ್ಯೂ ಬರವಣಿಗೆಯಲ್ಲಿ ಬರ್ತಿದ್ರೆ, ಪ್ರಯತ್ನ ಮಾಡಿ. "ಓನರ್‌ಶಿಪ್ ತೋರಿಸಬೇಕು" ಅನ್ನೋ ಥರ ಗಾಳಿಮಾತು ಬರೆದಿದ್ರೆ ಆವತ್ತಿಂದಲೇ ಹೊರಗೆ ಕೆಲಸ ಹುಡುಕಿ. ಎರಡೂ ಸಂದರ್ಭದಲ್ಲಿ ನಿಮಗೆ ಒಪ್ಪಿಗೆ ಇಲ್ಲದ ಅಂಶಗಳನ್ನ ಶಾಂತವಾಗಿ ಉತ್ತರದಲ್ಲಿ ಬರೆದು ಕಳಿಸಿ, ಸುಮ್ಮನಿದ್ರೆ ಒಪ್ಪಿದ ಹಾಗೆ.

ರಿಸೈನ್ ಮಾಡಿಬಿಡ್ಲಾ ಅಂದ್ರಲ್ಲ. ಆಫರ್ ಕೈಯಲ್ಲಿಲ್ಲದೆ ಈಗ ಬೇಡ ಅಂತ ನನ್ನ ಸಲಹೆ, ಒಂದು ವಿನಾಯಿತಿ ಬಿಟ್ಟು. 34 ಸಾವಿರ ಇಎಂಐ ಜೊತೆ ಮನೆ ಖರ್ಚು ಸೇರಿಸಿ ಆರು ತಿಂಗಳಿಗೆ ಆಗೋಷ್ಟು ದುಡ್ಡು ಇದ್ಯಾ ಅಂತ ನೀವೂ ನಿಮ್ಮ ಯಜಮಾನರೂ ಕೂತು ಒಂದು ಹಾಳೆ ಮೇಲೆ ಬರೀರಿ, ಆ ಹಾಳೆ ಬರೆದ್ರೆ ಅವರಿಗೂ ನಿಮ್ಮ ಪರಿಸ್ಥಿತಿ ಬಾಯಿಮಾತಿಗಿಂತ ಚೆನ್ನಾಗಿ ಅರ್ಥ ಆಗತ್ತೆ. ನಿಮ್ಮದು ಐದು ವರ್ಷ ದಾಟಿದೆ, ಹಾಗಾಗಿ ರಿಸೈನ್ ಮಾಡಿದ್ರೂ ತೆಗೆದ್ರೂ ಗ್ರಾಚ್ಯುಟಿ ಬರತ್ತೆ. ಕೊನೇ ಬೇಸಿಕ್ ಸಂಬಳನ 26ರಿಂದ ಭಾಗಿಸಿ 15ರಿಂದ ಗುಣಿಸಿ ವರ್ಷದಿಂದ ಗುಣಿಸೋದು. ಬೇಸಿಕ್ 45 ಸಾವಿರ ಅಂತಿಟ್ಕೊಂಡ್ರೆ 7 ವರ್ಷಕ್ಕೆ ಸುಮಾರು 1 ಲಕ್ಷ 81 ಸಾವಿರ. ಕೊನೇ ಸಂಬಳ ಕೆಲಸ ಬಿಟ್ಟ ಎರಡು ಕೆಲಸದ ದಿನಗಳಲ್ಲಿ ಕೊಡಬೇಕು ಅಂತ ಹೊಸ ವೇತನ ಸಂಹಿತೆ ಹೇಳತ್ತೆ, 45 ದಿನ ಆಗತ್ತೆ ಅಂತ ಹಳೇ ರಾಗ ಹಾಡಿದ್ರೆ ಇದನ್ನ ನೆನಪಿಸಿ. ಹೊರಗೆ ಹುಡುಕೋವಾಗ 90 ದಿನದ ನೋಟಿಸ್ ಪೀರಿಯಡ್ ಕಷ್ಟ ಕೊಡತ್ತೆ, ಬೈಔಟ್, ಅಂದ್ರೆ ಉಳಿದ ದಿನಕ್ಕೆ ದುಡ್ಡು ಕಟ್ಟಿ ಬೇಗ ಹೊರಡೋ ಅವಕಾಶ, ಇದ್ಯಾ ಅಂತ ನಿಮ್ಮ ಲೆಟರಲ್ಲಿ ಈಗಲೇ ಓದ್ಕೊಳ್ಳಿ.

ಆ ವಿನಾಯಿತಿ ನಿಮ್ಮ ಆರೋಗ್ಯ. ಭಾನುವಾರ ಸಂಜೆ ಹೊಟ್ಟೆ ತೊಳಸೋದು, ನಿದ್ದೆ ಇಲ್ದೇ ಇರೋದು ನಾಟಕ ಅಲ್ಲ, ಮೈ ಹೇಳ್ತಿರೋ ಮಾತು ಅದು. ಇದು ಜಾಸ್ತಿ ಆದ್ರೆ, ಬದುಕೇ ಬೇಡ ಅನ್ನೋ ಯೋಚನೆ ಒಂದ್ಸಲ ಬಂದ್ರೂ, ಇಎಂಐ ಲೆಕ್ಕ ಎಲ್ಲಾ ಪಕ್ಕಕ್ಕಿಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416, ದಿನದ ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಸಲಹೆ ಮೇಲೆ ಮೆಡಿಕಲ್ ರಜೆ ತಗೊಂಡ್ರೆ ಯಾರ ಮುಂದೇನೂ ತಲೆ ತಗ್ಗಿಸಬೇಕಾಗಿಲ್ಲ, ಆ ರಜೆಯಲ್ಲಿ ಯೋಚನೆ ಮಾಡಕ್ಕೆ ಜಾಗಾನೂ ಸಿಗತ್ತೆ.

ಕೊನೆಗೆ ನಿಮ್ಮ ಯಜಮಾನರ ಮಾತು, ಎಲ್ಲಾ ಕಡೆ ಹಿಂಗೇ ಅನ್ನೋದು. ಅದು ಸುಳ್ಳು ಅಂತ ನಿಮ್ಮ ಮನೇಲೇ ಸಾಕ್ಷಿ ಇದೆಯಲ್ಲ. ಇವತ್ತು ಸಂಜೆ ನಾದಿನಿಗೆ ಫೋನ್ ಮಾಡಿ, ನಿನ್ನ ಮ್ಯಾನೇಜರ್ ಒಳ್ಳೆಯವರಾ ಅಂತ ಕೇಳಬೇಡಿ, ಹೂಂ ಅಂತಾಳೆ ಅಷ್ಟೇ. "ನಿಮ್ಮ ಟೀಮಲ್ಲಿ ಕೊನೇ ಸಲ ಯಾರಾದ್ರೂ ದೊಡ್ಡ ತಪ್ಪು ಮಾಡಿದಾಗ ಮಾರನೇ ದಿನ ಏನಾಯ್ತು" ಅಂತ ಕೇಳಿ. ಹೊರಗಿನ ಇಂಟರ್‌ವ್ಯೂನಲ್ಲೂ ಇದನ್ನೇ ಕೇಳಿ. ಅವಳು ಹೇಳಿದ ಉತ್ತರ ಕೇಳಿ ನಿಮಗೆ ಸಮಾಧಾನ ಅನ್ನಿಸಿದ್ರೆ, ಆ ಟೀಮಲ್ಲಿ ಟೆಕ್ ಲೀಡ್ ಜಾಗ ಖಾಲಿ ಇದ್ಯಾ, ಬೆಂಗಳೂರಿಂದಲೇ ಮಾಡಬಹುದಾ ಅಂತ ಅದೇ ಫೋನಲ್ಲಿ ವಿಚಾರಿಸಿ.